ಯಳ್ಳೂರ ಗುಡ್ಡ ಮತ್ತು ಮೂರು ಬಾಟಲಿ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಗೆ ಕನ್ನಡದ ಮಾಸ್ತರರು ಒಂದು ಅರ್ಥ ಹೇಳುತ್ತಾರೆ, ವಿಜ್ಞಾನದ ಮಾಸ್ತರರು ಇನ್ನೊಂದು. ಒಳ್ಳೆಯ ಕಣ್ಣಾದರೂ ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿಗಿಂತ ಕಿರಿದಾದ ಕೋನದಲ್ಲಿರುವುದನ್ನು ಬಿಡಿಸಿ ನೋಡಲಾರದು. ಹತ್ತು ಕಿಲೋಮೀಟರ್ ದೂರದಲ್ಲಿ ಆ ಕೋನಕ್ಕೆ ಸಿಗುವ ಅಗಲ ಸುಮಾರು 3 ಮೀಟರ್. ಅಂದರೆ ಹತ್ತು ಕಿಲೋಮೀಟರಿನಾಚೆಯ ಗುಡ್ಡದ ಮೇಲಿರುವ ಆಳೆತ್ತರದ ಬಂಡೆ, ಕಾರಿಯ ಮುಳ್ಳು, ಮಳೆಗಾಲದ ಕೊರಕಲು ಎಲ್ಲವೂ ಒಂದರೊಳಗೊಂದು ಕರಗಿ ಮಣ್ಣು ಮೆತ್ತಿದ ಗೋಡೆಯಂತೆ ನುಣ್ಣಗೆ ಕಾಣುತ್ತವೆ. ಅದಕ್ಕೆ ನೀಲಿ ಬಣ್ಣ ಬಳಿಯುವುದು ನಮಗೂ ಗುಡ್ಡಕ್ಕೂ ನಡುವೆ ಇರುವ ಗಾಳಿ. ಬಿಸಿಲಿನಲ್ಲಿರುವ ನೀಲಿಯನ್ನು ಅದು ಹೆಚ್ಚು ಚೆದುರಿಸುತ್ತದೆ. ನಮ್ಮ ಹಿರಿಯರಿಗೆ ಕೋನದ ಲೆಕ್ಕ ಗೊತ್ತಿರಲಿಲ್ಲ, ಆದರೆ ಗಾದೆಯ ಲೆಕ್ಕ ತಪ್ಪಿಲ್ಲ.

ಬೆಳಗಾವಿಯ ಖಾಸಬಾಗದಲ್ಲಿ ಮಾಳಿಗೆ ಹತ್ತಿ ದಕ್ಷಿಣಕ್ಕೆ ಮುಖ ಮಾಡಿ ನಿಂತವರಿಗೆ ಇಂಥದೊಂದು ನುಣ್ಣನೆಯ ನೀಲಿ ಗುಡ್ಡ ಕಾಣುತ್ತದೆ. ಅದೇ ಯಳ್ಳೂರ ಗಡ, ರಾಜಹಂಸಗಡ ಎಂದೂ ಕರೆಯುತ್ತಾರೆ. ನಮ್ಮ ಕಡೆಯವರು ಸುಟ್ಟಿ ಸಿಕ್ಕರೆ ಆಂಬೋಲಿಗೆ ಹೋಗುತ್ತಾರೆ, ಗೋಕಾಕ ಫಾಲ್ಸಿಗೆ ಹೋಗುತ್ತಾರೆ, ಸಾಲ ಮಾಡಿಯಾದರೂ ಮಹಾಬಳೇಶ್ವರಕ್ಕೆ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ಈ ಗುಡ್ಡ ಮಾತ್ರ ಹಿತ್ತಲ ಗಿಡ. ನಾನು ಪಾಠ ಮಾಡುವ ಒಂಬತ್ತನೆಯ ಇಯತ್ತೆಯಲ್ಲಿ ಒಮ್ಮೆ ಕೇಳಿ ನೋಡಿದೆ. ದಿನಾ ನೋಡಿದವರು ಕೈ ಎತ್ತಿರಿ ಎಂದಾಗ ಕೋಣೆ ತುಂಬ ಕೈಗಳು. ಹತ್ತಿದವರು ಎಂದಾಗ ನಾಲ್ಕು.

ಕಳೆದ ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ನನಗೆ ಎಚ್ಚರವಾದದ್ದು ಸದ್ದಿನಿಂದಲ್ಲ, ಸದ್ದು ನಿಂತದ್ದರಿಂದ. ನಮ್ಮ ಓಣಿಯಲ್ಲಿ ಪವರಲೂಮಿನ ಖಟಖಟ ಇಲ್ಲದೆ ಬೆಳಗಾಗುವುದಿಲ್ಲ. ಅಂದು ಕರೆಂಟ್ ಹೋಗಿ ಮಗ್ಗಗಳೆಲ್ಲ ಬಾಯಿ ಮುಚ್ಚಿದ್ದವು. ಹಲ್ಲುಜ್ಜುತ್ತ ಕಟ್ಟೆಯ ಮೇಲೆ ಕುಳಿತಿದ್ದಾಗ ಎದುರು ಮನೆಯ ನೇಕಾರ ಗೆಳೆಯರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದರು.

"ಸರ, ಕರೆಂಟ್ ಸಂಜೀತನಕ ಬರೂದಿಲ್ಲಂತ್ರಿ. ಕುಂತ ಏನ್ ಮಾಡೂದು? ನಡೀರಿ, ಗಡಕ್ಕ ಹೋಗಿ ಬರೂಣು."

"ಈಗೇನ್ರಿ ಅಣ್ಣಾರ?"

"ಈಗಲ್ಲದ ಮತ್ತ್ಯಾವಾಗ್ರಿ? ಹುಟ್ಟಿದಾಗಿಂದ ನೋಡಾಕತ್ತೇನಿ, ಒಮ್ಮೀನೂ ಹತ್ತಿಲ್ಲ."

ಅವರಿಗೆ ನಲವತ್ತೆಂಟು. ಸಿದ್ಧತೆ ಎಂದರೆ ಹತ್ತು ನಿಮಿಷ. ನಮ್ಮ ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅವರ ಮನೆಯಿಂದ ಝುಣಕ, ಉಳ್ಳಾಗಡ್ಡಿ. ನಾಲ್ಕು ಬಾಟಲಿ ನೀರು. "ಮಳಿ ಬಂದೀತು, ಛತ್ರಿ ಒಯ್ರಿ" ಎಂದು ನನ್ನ ಹೆಂಡತಿ ಕೊಟ್ಟ ಛತ್ರಿಯನ್ನು ಅವರ ಮಗ ಹಿಡಿದುಕೊಂಡ. ಅವನು ನನ್ನ ವಿದ್ಯಾರ್ಥಿ. ಅವನ ಜೊತೆಗೊಬ್ಬ ಗೆಳೆಯ. ಭಾನುವಾರದ ಸಂತೆಗೆ ಆಗಲೇ ಕೊತಂಬರಿ, ಮೆಂತೆ ಸೊಪ್ಪಿನ ಬುಟ್ಟಿಗಳು ಇಳಿಯುತ್ತಿದ್ದವು. ಸಂತೆಯನ್ನು ದಾಟಿ ಯಳ್ಳೂರಿನ ಬಸ್ಸು ಹಿಡಿದೆವು. ಮೊದಲೇ ನಿಶ್ಚಯಿಸಿದ ಪ್ರವಾಸದಲ್ಲಿ ಯಾರಾದರೊಬ್ಬರು ಮುನಿಸಿಕೊಳ್ಳುತ್ತಾರೆ. ಹೀಗೆ ಎದ್ದು ಹೊರಟದ್ದರಲ್ಲಿ ಮುನಿಸಿಗೆ ಹೊತ್ತೇ ಇರುವುದಿಲ್ಲ.

ವಡಗಾವಿ ದಾಟಿದೊಡನೆ ಎರಡೂ ಬದಿ ಭತ್ತದ ಗದ್ದೆ. ಶಹಾಪುರ, ವಡಗಾವಿ, ಅನಗೋಳ, ಯಳ್ಳೂರು ಶಿವಾರದ ಈ ಗದ್ದೆಗಳಲ್ಲಿ ಬೆಳೆಯುವುದೇ ಬೆಳಗಾವಿ ಬಾಸುಮತಿ. ಅನ್ನ ಕುದಿಯುವಾಗ ನೆರೆಮನೆಗೆ ಸುದ್ದಿ ಮುಟ್ಟಿಸುವ ಅಕ್ಕಿ ಅದು. ಆ ಪರಿಮಳಕ್ಕೆ ಮುಖ್ಯ ಕಾರಣ 2-ಅಸಿಟೈಲ್-1-ಪಿರೋಲಿನ್ ಎಂಬ ವಸ್ತು. ಹೆಸರು ಮಾತ್ರ ಕಬ್ಬಿಣದ ಕಡಲೆ. ಗಾಳಿಯಲ್ಲಿ ಎಳ್ಳಿನ ಕಾಳಿಗಿಂತ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಕಿಟಕಿಯ ಪಕ್ಕ ಕುಳಿತಿದ್ದ ನಮ್ಮ ನೇಕಾರರು ಒಂದು ಕಡೆ ಕೈ ತೋರಿಸಿ, "ಇಲ್ಲೇ ಎಲ್ಲೋ ನಮ್ಮ ಮಾವಾರದ ಹೊಲ ಇತ್ರಿ" ಎಂದರು. ಇತ್ತು ಎಂದದ್ದನ್ನು ನಾನು ಗಮನಿಸಿದೆ, ಕೇಳಲಿಲ್ಲ.

ಯಳ್ಳೂರಿನಲ್ಲಿ ಇಳಿದು ಚಹಾ ಕುಡಿದು ನಡೆದೆವು. ಗುಡ್ಡಕ್ಕೆ ಈಗ ಡಾಂಬರು ರಸ್ತೆಯಿದೆ, ಮೋಟರಸೈಕಲ್ ಕೋಟೆಯ ಹತ್ತಿರದ ತನಕ ಹೋಗುತ್ತದೆ. ಡಾಂಬರಿನ ಮೇಲೆ ನಡೆದರೆ ಗುಡ್ಡ ಹತ್ತಿದಂತಾಗುವುದಿಲ್ಲ, ರಸ್ತೆ ಸವೆಸಿದಂತಾಗುತ್ತದೆ ಎಂದು ನಾವು ದನದ ಕಾಲುಹಾದಿ ಹಿಡಿದೆವು. ಕಷ್ಟದ ಏರಲ್ಲ. ನಿಧಾನವಾಗಿ ಹತ್ತಿದರೆ ಐವತ್ತು ದಾಟಿದವರಿಗೂ ಒಂದು ತಾಸಿನ ಸ್ವಲ್ಪ ಹೆಚ್ಚಿನ ಕೆಲಸ.

ಹಾದಿಯಲ್ಲಿ ಮಣ್ಣು ಬದಲಾಗುವುದನ್ನು ನೋಡಬೇಕು. ಕೆಳಗೆ ಗದ್ದೆಯಲ್ಲಿ ಎರೆ ಮಣ್ಣು, ಕರಿ ಎಮ್ಮೆಯ ಮೈಬಣ್ಣ. ಒಂದಿಷ್ಟು ಏರುವಷ್ಟರಲ್ಲಿ ಕಂದು. ಮೇಲೆ ಹೋದಂತೆ ಕೆಂಪು, ಕೊನೆಗೆ ಹುರಿದ ಮೆಣಸಿನಕಾಯಿಯ ಬಣ್ಣದ ಕಲ್ಲು. ತೂತು ತೂತಾದ ಆ ಕಲ್ಲನ್ನು ಕೈಯಲ್ಲಿ ಹಿಡಿದು ಹುಡುಗ ಕೇಳಿದ: "ಸರ, ಈ ಕಲ್ಲಿಗೆ ಜಂಗ ಹಿಡದೈತೇನ್ರಿ?"

ನಮ್ಮ ಪಠ್ಯಪುಸ್ತಕಗಳು ಒಂದು ಪುಟದಲ್ಲಿ ಹೇಳುವುದನ್ನು ಅವನು ಒಂದು ಸಾಲಿನಲ್ಲಿ ಕೇಳಿಬಿಟ್ಟ. ಜಂಗವೇ ಹೌದು. ಇದು ಜಂಬಿಟ್ಟಿಗೆ, ಮರಾಠಿಯವರ ಜಾಂಭಾ. ಕೇರಳದಲ್ಲಿ ಇದನ್ನು ಕಂಡಿದ್ದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಲಾವಾ ಹರಿದು ಹೆಪ್ಪುಗಟ್ಟಿತಲ್ಲ, ಬೆಳಗಾವಿ ಆ ಕಪ್ಪು ಕಲ್ಲಿನ ತೆಂಕಣ ಅಂಚಿನಲ್ಲಿದೆ. ಆ ಕಲ್ಲಿನ ಮೇಲೆ ಲಕ್ಷಾಂತರ ಮಳೆಗಾಲಗಳು ಸುರಿದವು. ನೀರು ಕಲ್ಲಿನೊಳಗಿನ ಸುಣ್ಣ, ಸೋಡಿಯಂ, ಪೊಟ್ಯಾಶಿಯಂಗಳನ್ನು ಮೊದಲು ತೊಳೆಯಿತು, ನಂತರ ಸಿಲಿಕಾವನ್ನೂ ಸ್ವಲ್ಪ ಸ್ವಲ್ಪವಾಗಿ ಒಯ್ದಿತು. ಒಯ್ಯಲಾಗದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂನ ಆಕ್ಸೈಡುಗಳು. ಕಬ್ಬಿಣ ಹೆಚ್ಚಾದಲ್ಲಿ ಈ ಕೆಂಪು ಕಲ್ಲು, ಅಲ್ಯುಮಿನಿಯಂ ಹೆಚ್ಚಾದಲ್ಲಿ ಬಾಕ್ಸೈಟ್. ಬೆಳಗಾವಿಯಲ್ಲಿ ಅಲ್ಯುಮಿನಿಯಂ ಕಾರಖಾನೆ ಬಂದದ್ದು ಈ ಸೀಮೆಯ ಬಾಕ್ಸೈಟಿನ ನೆಚ್ಚಿಕೆಯ ಮೇಲೆಯೇ. ಮೇಲಿನಿಂದ ತೊಳೆದುಹೋದ ಸುಣ್ಣ, ಮೆಗ್ನೀಶಿಯಂ, ಸಿಲಿಕಾ ತಗ್ಗಿನಲ್ಲಿ ನಿಂತು ಜಿಗುಟಾದ ಜೇಡಿಯಾಗಿ ಎರೆ ಭೂಮಿಗೆ ಸೇರಿದವು. ಗುಡ್ಡದ ತಲೆ ಬಡವಾದದ್ದರಿಂದ ಗುಡ್ಡದ ಪಾದ ಸಿರಿವಂತವಾಯಿತು.

ಈ ಬಡತನಕ್ಕೆ ಒಂದು ಸಾಕ್ಷಿಯೂ ಸಿಕ್ಕಿತು. ಕಲ್ಲಿನ ಸಂದಿಯ ತೇವದಲ್ಲಿ ಉಗುರಿನಷ್ಟು ಎಲೆಗಳ ಗಿಡ, ಎಲೆಯ ಕೂದಲಿನ ತುದಿಗೆಲ್ಲ ಅಂಟಿನ ಹನಿ. ಡ್ರೊಸೆರಾ, ಹುಳ ತಿನ್ನುವ ಗಿಡ. ತೊಳೆದು ಬರಿದಾದ ನೆಲದಲ್ಲಿ ಸಾರಜನಕ ಸಿಗದ್ದರಿಂದ ಅದು ಗುಂಗಾಡನ್ನು ಹಿಡಿದು ತಿನ್ನುತ್ತದೆ. ಒಂದು ಎಲೆಯಲ್ಲಿ ಅರ್ಧ ಕರಗಿದ ನುಸಿ ಇತ್ತು. ಹುಡುಗರು ಹತ್ತು ನಿಮಿಷ ಮಂಡಿಯೂರಿ ಕುಳಿತುಬಿಟ್ಟರು. ಚಿತ್ರದಲ್ಲಿ ತೋರಿಸಿದಾಗ ಇವರೇ ಆಕಳಿಸಿದ್ದರು.

ಕೋಟೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ರಟ್ಟರ ಕಾಲದ ಮೂಲ ಹೇಳುತ್ತಾರೆ, ಆದಿಲಶಾಹಿಯವರೂ ಮರಾಠರೂ ಆಳಿದರು. ಒಳಗೆ ಸಿದ್ಧೇಶ್ವರನ ಗುಡಿಯಿದೆ, ಬಾವಿಯಿದೆ. ಗುಡ್ಡದ ತುದಿಯಲ್ಲಿ ಬಾವಿ ಹೇಗೆ ಎಂದು ಕೇಳುವವರು ಆ ತೂತುಗಳ ಕಲ್ಲನ್ನು ನೆನೆಯಬೇಕು. ಅದು ಮಳೆಯನ್ನು ಹೀರಿ ಕೆಳಗಿನ ಜೇಡಿಯ ಪದರ ತಡೆಯುವ ತನಕ ಇಳಿಸಿ ಇಟ್ಟುಕೊಳ್ಳುತ್ತದೆ. ಶಿವಾಜಿ ಮಹಾರಾಜರ ದೊಡ್ಡ ಪ್ರತಿಮೆ ಈಗ ಇಲ್ಲಿದೆ. ಅದು 2023ರ ಮಾರ್ಚಿನಲ್ಲಿ, ವಿಧಾನಸಭೆ ಚುನಾವಣೆಯ ಮುಂಚೆ, ಮೂರು ದಿನಗಳ ಅಂತರದಲ್ಲಿ ಎರಡು ಸಲ ಉದ್ಘಾಟನೆಯಾಯಿತು. ಒಮ್ಮೆ ಆಡಳಿತದವರಿಂದ, ಇನ್ನೊಮ್ಮೆ ವಿರೋಧದವರಿಂದ. ಎತ್ತರದ ವಿಷಯದಲ್ಲೂ ಒಂದು ತಮಾಷೆಯಿದೆ. ಕೆಲವು ಪ್ರವಾಸಿ ಬರಹಗಳಲ್ಲಿ ಗಡದ ಎತ್ತರ 2,500 ಅಡಿ ಎಂದಿದೆ. ಸಾಂಬ್ರಾ ವಿಮಾನ ನಿಲ್ದಾಣವೇ ಸಮುದ್ರಮಟ್ಟದಿಂದ 2,487 ಅಡಿ ಮೇಲಿದೆ. ಬರೆದವರ ಲೆಕ್ಕ ನಂಬಿದರೆ ನಾವು ಅಂದು ಒಂದು ತಾಸು ಬೆವರು ಸುರಿಸಿ ಹತ್ತಿದ್ದು ಹದಿಮೂರು ಅಡಿ!

ಅದಿರಲಿ. ಸುತ್ತಲಿನ ಬಯಲಿಗಿಂತ 200 ಮೀಟರ್ ಎತ್ತರದಲ್ಲಿ ನಿಂತವನಿಗೆ ದಿಗಂತ ಸುಮಾರು 50 ಕಿಲೋಮೀಟರ್ ದೂರ ಸರಿಯುತ್ತದೆ. ಪಶ್ಚಿಮಕ್ಕೆ ಸಹ್ಯಾದ್ರಿಯ ಸಾಲು. ಆ ಸಾಲಿನ ಕಣಕುಂಬಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಅಪರೂಪವಲ್ಲ. ಅದೇ ಜಿಲ್ಲೆಯ ಸವದತ್ತಿ ಆರುನೂರರ ಆಸುಪಾಸಿನಲ್ಲಿ ತೃಪ್ತಿಪಡಬೇಕು. ಗಡದ ತೆಂಕಣ ಇಳಿಜಾರಿನ ನೀರು ಖಾನಾಪುರದ ಕಡೆಯ ಹಳ್ಳಗಳನ್ನು ಸೇರಿ ಮಲಪ್ರಭೆಗೆ ಹೋಗುತ್ತದೆ. ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಪಟ್ಟದಕಲ್ಲು, ಐಹೊಳೆಗಳನ್ನು ನೋಡಿಕೊಂಡು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಡಗಣ ಇಳಿಜಾರಿನದು ಬಳ್ಳಾರಿ ನಾಲೆಗೆ ಬಿದ್ದು ಘಟಪ್ರಭೆಯ ಮೂಲಕ ಅದೇ ಕೃಷ್ಣೆಗೆ ಬರುತ್ತದೆ. ಕೋಟೆಯ ಗೋಡೆಯ ಮೇಲೆ ಒಂದು ಹನಿ ಸಿಡಿದು ಎರಡಾದರೆ ಮತ್ತೆ ಕೂಡಲು ಅಷ್ಟು ದೂರ ತಿರುಗಬೇಕು. ಹುಡುಗರು ಬಾಟಲಿಯ ನೀರನ್ನು ಎರಡೂ ಕಡೆ ಚೆಲ್ಲಿ ಇದನ್ನು ಪರೀಕ್ಷಿಸಲು ಹೊರಟರು. ಕುಡಿಯುವ ನೀರು ಎಂದು ಅವರಪ್ಪ ಗದರಿದರು.

ರೊಟ್ಟಿ ಬಿಚ್ಚಿದ್ದು ಉತ್ತರದ ಕಡೆ ಮುಖ ಮಾಡಿ. ಬೆಳಗಾವಿ ಊರು ಪೂರ್ತಿ ಎದುರಿಗಿತ್ತು. ಊರಿಗೂ ಗುಡ್ಡಕ್ಕೂ ನಡುವೆ ಹಸಿರು ತಟ್ಟೆಯಂತೆ ಭತ್ತದ ಬಯಲು, ಅದರೊಳಗೆ ಬಳ್ಳಾರಿ ನಾಲೆಯ ಡೊಂಕು. ಕೆಳಗೆ ಬಸ್ಸಿನಲ್ಲಿ ಕುಳಿತವರಿಗೆ ಇದು ಬರೀ ಗದ್ದೆ. ಮೇಲಿನಿಂದ ನೋಡಿದಾಗ ಮಾತ್ರ ಅದು ತಟ್ಟೆ ಎಂಬುದು, ಸುತ್ತಲಿನ ಏರಿನ ನೀರೆಲ್ಲ ಬಂದು ನಿಲ್ಲುವ ಜಾಗ ಎಂಬುದು ಕಣ್ಣಿಗೆ ಕಟ್ಟುತ್ತದೆ. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿದ ನೆಲ ಮೊದಲ ಮಳೆಗಳನ್ನು ಬಿರುಕಿನೊಳಗೆ ನುಂಗಿ, ಆಮೇಲೆ ಉಬ್ಬಿ ಬಾಯಿ ಮುಚ್ಚುತ್ತದೆ. ಅಲ್ಲಿಂದ ಮುಂದೆ ನೀರು ಮೇಲೆಯೇ ನಿಲ್ಲುತ್ತದೆ. ಅದಕ್ಕೇ ಅಲ್ಲಿ ಭತ್ತ. ಭತ್ತ ಕೊಯ್ದ ಮೇಲೆ ಮಣ್ಣಿನಲ್ಲಿ ಉಳಿದ ಹಸಿಯಲ್ಲೇ, ಒಂದು ಕೊಡ ನೀರು ಹಾಯಿಸದೆ, ಮಸೂರಿ ಬೇಳೆ, ಕಡಲೆ, ವಟಾಣಿ. ಇದೇ ಗುಣ ಮನೆ ಕಟ್ಟುವವರಿಗೆ ಶಾಪ. ಅಡಿಪಾಯ ಆಳಕ್ಕೆ ಹೋಗದಿದ್ದರೆ ಉಬ್ಬಿ ಇಳಿಯುವ ನೆಲ ಗೋಡೆಯನ್ನು ಮೂಲೆಯಿಂದ ಮೂಲೆಗೆ ಸೀಳುತ್ತದೆ.

ಆ ತಟ್ಟೆಯ ಅಂಚನ್ನು ಊರು ಈಗ ಎಲ್ಲ ಕಡೆಯಿಂದ ಕಚ್ಚುತ್ತಿದೆ. ಅದರ ನಡುವೆ ಹಲಗಾದಿಂದ ಮಚ್ಛೆಗೆ ಎಳೆದ ಬೈಪಾಸಿನ ಗೆರೆ. ಈ ರಸ್ತೆಗಾಗಿ ಭೂಮಿ ಬಿಡಲು ಒಪ್ಪದ ರೈತರು ವರ್ಷಗಟ್ಟಲೆ ಕೋರ್ಟಿನಲ್ಲೂ ಹೊಲದಲ್ಲೂ ಹೋರಾಡಿದ್ದನ್ನು ಈ ಭಾಗದ ಓದುಗರು ಬಲ್ಲರು. ರಸ್ತೆಯೇ ಬೇಡ ಎಂದು ನಾನು ಹೇಳಲಾರೆ. ಊರೊಳಗೆ ನುಗ್ಗುವ ಲಾರಿಗಳ ಪಕ್ಕದಲ್ಲೇ ನಮ್ಮ ಮಕ್ಕಳು ಸೈಕಲ್ಲು ಹೊಡೆಯುತ್ತಾರೆ. ಆದರೆ ನೀರಿನ ಲೆಕ್ಕ ಬೇರೆ. ಬಯಲಿನಲ್ಲಿ ಮಳೆನೀರು ಹಾಸಿಗೆಯಂತೆ ಅಗಲವಾಗಿ, ಸಾವಕಾಶವಾಗಿ ಸರಿಯುತ್ತದೆ. ಅಡ್ಡ ಏರಿಯೊಂದು ಬಂದರೆ ಅಷ್ಟೂ ನೀರು ಕೆಲವು ಮೋರಿಗಳ ಬಾಯಲ್ಲಿ ಸಾಗಬೇಕು. ಸಾಗದೆ ಉಳಿದದ್ದು ಮೇಲಿನ ಗದ್ದೆಯಲ್ಲಿ ನಿಲ್ಲುತ್ತದೆ. ಬಾಯಿಯ ಮುಂದಿನ ಗದ್ದೆಯಲ್ಲಿ ಅದೇ ನೀರು ರಭಸಕ್ಕೆ ಮಣ್ಣು ಕೀಳುತ್ತದೆ. ಬಳ್ಳಾರಿ ನಾಲೆ ಹೂಳು ತುಂಬಿ, ಊರಿನ ಗಟಾರದ ನೀರನ್ನೂ ಹೊತ್ತು, ಪ್ರತಿ ಜುಲೈಯಲ್ಲಿ ನಾಟಿ ಮಾಡಿದ ಸಸಿಗಳನ್ನು ಮುಳುಗಿಸುವುದು ಹಳೆಯ ಕತೆ. 2019ರ ಆಗಸ್ಟಿನಲ್ಲಿ ನೀರು ಗದ್ದೆ ಬಿಟ್ಟು ಬೆಳಗಾವಿಯ ಮನೆಗಳೊಳಗೇ ಬಂದಿತು.

ನಮ್ಮ ನೇಕಾರರು ರೊಟ್ಟಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಅತ್ತಲೇ ನೋಡುತ್ತಿದ್ದರು. ಅವರ ಮಾವನವರ ಒಂದೂವರೆ ಎಕರೆಯಲ್ಲಿ ಅರ್ಧ ರಸ್ತೆಗೆ ಹೋಗಿತ್ತು. ಉಳಿದದ್ದರಲ್ಲಿ ಎರಡು ವರ್ಷದಿಂದ ನೀರು ನಿಂತು ಕಾಳು ಕಟ್ಟಿರಲಿಲ್ಲ.

"ಮದುವಿ ಆದಾಗಿಂದ ನಮ್ಮ ಮನ್ಯಾಗ ಅಕ್ಕಿ ಕೊಂಡಿದ್ದಿಲ್ರಿ ಸರ. ಮಾವಾರ ಚೀಲ ಬರ್ತಿತ್ತು. ಈ ಸಲ ದೀಪಾವಳಿಗೆ ಸಂತ್ಯಾಗ ತರಬೇಕ್ರಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ನೀರ ಎಲ್ಲಿ ಹೋಗಬೇಕಂತ್ರಿ?" ಎಂದರು. ನನ್ನನ್ನು ಕೇಳಿದ್ದೋ, ರಸ್ತೆಯನ್ನೋ, ತಿಳಿಯಲಿಲ್ಲ.

ಒಂದೂವರೆಯ ಹೊತ್ತಿಗೆ ಪೂರ್ವದಲ್ಲಿ ಒಂದು ಮೋಡ ಹೂಕೋಸಿನಂತೆ ಎದ್ದಿತು. ಅಕ್ಟೋಬರಿನಲ್ಲಿ ಹಿಂಗಾರಿನ ಸಿಡಿಲುಮಳೆ ಮಧ್ಯಾಹ್ನದ ನಂತರ ಹೀಗೆಯೇ ಕೂಡುತ್ತದೆ. ಬೆಳಗಿನಿಂದ ಕಾದ ನೆಲದ ಹಸಿ ಗಾಳಿ ಮೇಲೇರಿ ಗಂಟೆಯೊಳಗೆ ಗೋಪುರವಾಗುತ್ತದೆ. ಕೋಸಿನ ತಲೆ ಚಪ್ಪಟೆಯಾಗಿ ಅಡಗಲ್ಲಿನಂತೆ ಹರಡತೊಡಗಿದರೆ ಅದರೊಳಗೆ ಮಿಂಚು ಸಿದ್ಧವಾಯಿತೆಂದು ತಿಳಿಯಬೇಕು. ಮಿಂಚು ಕಂಡಿತು. ಹುಡುಗನಿಗೆ ಎಣಿಸಲು ಹೇಳಿದೆ. ಇಪ್ಪತ್ತನಾಲ್ಕಕ್ಕೆ ಗುಡುಗು ಬಂತು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು, ಅಂದರೆ ಎಂಟು ಕಿಲೋಮೀಟರ್. ಎಣಿಕೆ ಮೂವತ್ತರೊಳಗೆ ಬಂದರೆ ಬಯಲಲ್ಲಿ, ಎತ್ತರದಲ್ಲಿ ನಿಲ್ಲಬಾರದು ಎಂಬುದು ಲೋಕವೆಲ್ಲ ಒಪ್ಪಿದ ನಿಯಮ. ಸಿಡಿಲು ಮೋಡದ ಕೆಳಗೇ ಬೀಳಬೇಕೆಂದಿಲ್ಲ, ಹತ್ತು ಕಿಲೋಮೀಟರ್ ಆಚೆಗೂ ಬೀಳಬಲ್ಲದು. ನಮ್ಮ ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸಿಡಿಲಿಗೆ ಸಾಯುವವರು ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹಳಷ್ಟು ಜನ ಹೊಲದಲ್ಲಿದ್ದವರು, ದನ ಕಾಯುತ್ತಿದ್ದವರು. ಪುಣೆಯ ಹವಾಮಾನ ವಿಜ್ಞಾನಿಗಳು ತಯಾರಿಸಿದ ದಾಮಿನಿ ಎಂಬ ಮೊಬೈಲ್ ಆಪ್ ಹತ್ತಿರದ ಮಿಂಚನ್ನು ಮುಂಚಿತವಾಗಿ ತೋರಿಸುತ್ತದೆ. ಅದಿಲ್ಲದವರಿಗೆ ಎಣಿಕೆ ಸಾಕು.

"ಏಳ್ರಿ" ಎಂದೆ. "ಇನ್ನs ದೂರ ಐತಲ್ರಿ ಸರ, ಬುತ್ತಿ ಮುಗಿಸೂಣು" ಎಂದರು ಅವರು. ನಾನು ಬುತ್ತಿ ಕಟ್ಟಿಬಿಟ್ಟೆ. ಮುಂದಿನ ಎಣಿಕೆ ಹದಿನೆಂಟು. ಈ ಸಲ ಹಾದಿಯ ಚೆಲುವನ್ನು ಬದಿಗಿಟ್ಟು ಡಾಂಬರು ರಸ್ತೆಯಲ್ಲೇ ಬಿರಬಿರನೆ ಇಳಿದೆವು. ಅರ್ಧ ಇಳಿದಾಗ ಹನಿ ಶುರುವಾಗಿ ಹುಡುಗ ಛತ್ರಿ ಬಿಚ್ಚಲು ಹೋದ, ಮಡಚಿಸಿದೆ. ಒಂಟಿ ಮರದ ಕೆಳಗೆ ಅವನ ಗೆಳೆಯ ಓಡಿದ, ಕರೆದೆ. ಮರಕ್ಕೆ ಬಡಿದ ಸಿಡಿಲು ಕಾಂಡದಿಂದ ಪಕ್ಕದವನ ಮೈಗೆ ಹಾರುತ್ತದೆ, ನೆಲದಲ್ಲಿ ಹರಡಿ ಕಾಲಿನಿಂದ ಕಾಲಿಗೆ ಹರಿಯುತ್ತದೆ. ಇದನ್ನೆಲ್ಲ ಓಡುತ್ತ ವಿವರಿಸಲು ನನ್ನ ಉಸಿರು ಸಾಲಲಿಲ್ಲ. "ತೊಯ್ಸಿಕೊಂಡ್ರ ಥಂಡಿ ಬರ್ತೈತಿ, ಅಷ್ಟ" ಎಂದಷ್ಟೇ ಹೇಳಿದೆ. ಎಣಿಕೆ ಒಂಬತ್ತಕ್ಕೆ ಬರುವಷ್ಟರಲ್ಲಿ ಯಳ್ಳೂರಿನ ಒಂದು ಪಕ್ಕಾ ಮನೆಯ ಪಡಸಾಲೆಯಲ್ಲಿದ್ದೆವು. ಮನೆಯ ಅಜ್ಜಿ ಮರಾಠಿಯಲ್ಲಿ ಬೈಯುತ್ತಲೇ ನಾಲ್ಕು ಜನಕ್ಕೂ ಟವೆಲ್ಲು ಕೊಟ್ಟರು, ಕೊರಾ ಚಹಾ ಕೊಟ್ಟರು. ನಾವು ಕನ್ನಡದಲ್ಲಿ ಕುಡಿದೆವು.

ಮಳೆ ನಿಂತ ಮೇಲೆ ಹೊರಗೆ ಬಂದು ನೋಡಿದರೆ ಇಳಿಜಾರಿನ ಕೆಂಪು ನೆಲ ಆಗಲೇ ಆರಿತ್ತು. ಗದ್ದೆಯ ಬದುವಿನಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿದು ಕಾಲಷ್ಟೇ ಮೇಲೆ ಬಂತು. ಹುಡುಗರು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಎರಡೂ ಮಣ್ಣು ತುಂಬಿಕೊಂಡರು.

ಆ ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಮುಂದಿನ ವಾರ ವರ್ಗದಲ್ಲಿ ಒಂದು ಪ್ರಯೋಗ ಮಾಡಿದೆವು. ಓದುಗರೂ ಮಾಡಬಹುದು, ಖರ್ಚಿಲ್ಲ. ಒಂದು ಲೀಟರಿನ ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ನಿಲ್ಲಿಸಬೇಕು. ಒಂದರಲ್ಲಿ ಕೆಂಪು ಮಣ್ಣು, ಇನ್ನೊಂದರಲ್ಲಿ ಅಷ್ಟೇ ಎರೆ ಮಣ್ಣು, ಎರಡಕ್ಕೂ ಒಂದೊಂದು ಲೋಟ ನೀರು. ಕೆಂಪಿನಿಂದ ಒಂದು ನಿಮಿಷದೊಳಗೆ ಹನಿ ಬೀಳತೊಡಗಿತು. ಎರೆ ಮಣ್ಣು ಮೊದಲು ಗಟಗಟನೆ ಕುಡಿಯಿತು, ಉಬ್ಬಿತು, ಆಮೇಲೆ ಮಿಕ್ಕ ನೀರನ್ನು ತಲೆಯ ಮೇಲೆ ಹೊತ್ತು ಸುಮ್ಮನೆ ಕುಳಿತಿತು. ಮೂರನೆಯ ಪಿರಿಯಡ್ಡಿನಲ್ಲಿ ಸುರಿದದ್ದು ಊಟದ ಬಿಡುವಿಗೂ ತೊಟ್ಟಿಕ್ಕಲಿಲ್ಲ.

ನೇಕಾರರ ಮಗ ಹಿಂದಿನ ದಿನವೇ ಮನೆಯಲ್ಲಿ ಮೂರನೆಯ ಬಾಟಲಿಯೊಂದನ್ನು ತಯಾರಿಸಿ ಚೀಲದಲ್ಲಿ ತಂದಿದ್ದ. ಅದರಲ್ಲೂ ಎರೆ ಮಣ್ಣು, ಮೇಲೆ ಎರಡು ಬೆರಳು ದಪ್ಪದ ಸಿಮೆಂಟಿನ ಗಿಲಾಯಿ. ಮಣ್ಣೂ ಸಿಮೆಂಟೂ ಸೇರಿ ಬಾಟಲಿ ಕಂಠದ ತನಕ ಬಂದಿತ್ತು. "ಇದಕ್ಕೂ ಒಂದ್ ಲೋಟ ಹಾಕ್ರಿ ಸರ" ಎಂದ. ಹಾಕಿದೆ. ನೀರು ಒಳಗೆ ಒಂದು ಹನಿಯೂ ಇಳಿಯದೆ ಅಂಚಿನಿಂದ ಉಕ್ಕಿ ಮೇಜಿನ ಮೇಲೆ ಹರಿದು ಹಾಜರಿ ಪುಸ್ತಕವನ್ನು ಮುಟ್ಟಿತು. ವರ್ಗವೆಲ್ಲ ನಕ್ಕಿತು. ಒರೆಸಲು ಮಗ್ಗದ ಚಿಂದಿಯನ್ನೂ ಅವನೇ ತಂದಿದ್ದ.